ಸವೆದ ಕಲ್ಲಿನ ಚೆಲುವು

ಹಂಪಿಗೆ ಹೋದವರು ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ರಥವೂ ಪೂರ್ತಿ ಕಾಣಬೇಕು, ನಾವೂ ಕಾಣಬೇಕು. ಸಹಜವೇ. ಅದಾದ ಮೇಲೆ ಸ್ವಲ್ಪ ಹತ್ತಿರ ಹೋಗಿ ನೋಡಿ. ರಥದ ಮುಂದಿರುವ ಆನೆಗಳು ಮೊದಲಿನಿಂದಲೂ ಅಲ್ಲಿದ್ದವಲ್ಲ. ಅವುಗಳ ಹಿಂದೆ, ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಇನ್ನೂ ಉಳಿದಿವೆ. ನನಗಂತೂ ಇಡೀ ರಥಕ್ಕಿಂತ ಆ ಮುರಿದ ಕಾಲುಗಳದೇ ಸೆಳೆತ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದರು. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್. ಅವರ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಇವತ್ತು ಅದಿಲ್ಲ. ಆಗಲೇ ಶಿಥಿಲವಾಗಿದ್ದ ಊರನ್ನು ಒಬ್ಬರು ಅಷ್ಟು ಶ್ರದ್ಧೆಯಿಂದ ನೋಡಿದ್ದರಿಂದ, ಆ ಗೋಪುರ ಹೇಗಿತ್ತೆಂದು ನಮಗೆ ಗೊತ್ತು.

ನೀವೂ ಅಷ್ಟೇ ಶ್ರದ್ಧೆಯಿಂದ ಹಳೆಯದರ ಚಿತ್ರ ತೆಗೆಯುವುದಾದರೆ ಬೆಳಗಿನ ಹೊತ್ತೇ ಒಳ್ಳೆಯದು. ನಡುಮಧ್ಯಾಹ್ನದ ಬಿಸಿಲಿಗೆ ಕಲ್ಲೆಲ್ಲ ಬಿಳಿಚಿಕೊಳ್ಳುತ್ತದೆ. ಎಳೆಬಿಸಿಲು ಓರೆಯಾಗಿ ಬಿದ್ದರೆ ಉಳಿಯ ಒಂದೊಂದು ಗುರುತಿಗೂ ಪುಟ್ಟ ನೆರಳು. ಮಳೆಗೆ ಸವೆದ ಅಂಚು, ಸಣ್ಣ ಬಿರುಕು, ಎಲ್ಲವೂ ಎದ್ದು ಕಾಣುತ್ತವೆ.

ವಯಸ್ಸಾದವರ ಮುಖಕ್ಕೂ ಇದೇ ಬೆಳಕು ಚೆನ್ನ. ಆದರೆ ಕಲ್ಲನ್ನು ಕೇಳಬೇಕಿಲ್ಲ, ಮನುಷ್ಯರನ್ನು ಕೇಳಲೇಬೇಕು. ಮೊದಲು ಪಕ್ಕದಲ್ಲಿ ಕೂತು ಮಾತಾಡಿಸಿ. "ಅಜ್ಜೀ, ಒಂದು ಫೋಟೋ ತೆಗೀಲಾ?" ಅನ್ನಿ. ಬೇಡವೆಂದರೆ ಬಿಟ್ಟುಬಿಡಿ. ಒಪ್ಪಿದರೆ, ತೆಗೆದದ್ದನ್ನು ಅವರಿಗೆ ತೋರಿಸಿ. ಸುಕ್ಕು ಅಳಿಸುವ ಫಿಲ್ಟರ್ ಮಾತ್ರ ಹಾಕಬೇಡಿ. ಸಾಧ್ಯವಾದರೆ ಪ್ರಿಂಟ್ ಹಾಕಿಸಿ, ಅವರ ಮನೆಗೊಂದು ಪ್ರತಿ ಕಳಿಸಿಕೊಡಿ.