ಉಪಕಾರವು ಹಂಗಾಗದಿರಲಿ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟದ ಔಷಧಿಗಳ ವಿಷಯವಾಗಿ ನಾನು ತಮ್ಮೊಡನೆ ಮಾತನಾಡುವುದುಂಟು. ಇಂದಿನ ವಿಷಯ ಬೇರೆ. ಆದರೆ ಅದೂ ಬೇಸಾಯಕ್ಕೆ ಸೇರಿದ್ದೇ. ಹೊಲದಲ್ಲಿ ಹುಟ್ಟಿದ ಕಳೆ ಕಣ್ಣಿಗೆ ಕಾಣುತ್ತದೆ, ಕಿತ್ತು ಹಾಕುತ್ತೇವೆ. ಮನಸ್ಸಿನಲ್ಲಿ ಹುಟ್ಟುವ ಒಂದು ಕಳೆ ಬೇಗ ಕಾಣುವುದಿಲ್ಲ. ನೆರವು ಪಡೆದವನಿಗೆ, ನೆರವಾದವನ ಮೇಲೆಯೇ ಬರುವ ಅಸಮಾಧಾನವೇ ಆ ಕಳೆ.

ಒಬ್ಬ ಬಡ ರೈತನಿದ್ದಾನೆ ಎಂದಿಟ್ಟುಕೊಳ್ಳಿ. ಮಳೆ ಬಿದ್ದು ಭೂಮಿ ಹದವಾಗಿದೆ. ಅವನ ಎತ್ತಿಗೆ ಕಾಲು ನೋವು. ಎರಡು ದಿನ ತಡೆದರೆ ಹದ ಆರಿಹೋಗುತ್ತದೆ. ನೆರೆಯವನು ತನ್ನ ಜೋಡಿ ಎತ್ತು ಕೊಟ್ಟ, ಬಿತ್ತನೆ ಮುಗಿಯಿತು. ಸುಗ್ಗಿಯ ಹೊತ್ತಿಗೆ ನೋಡಿದರೆ ಇಬ್ಬರಿಗೂ ಮಾತಿಲ್ಲ. ಎತ್ತು ಕೊಟ್ಟವನು, “ಉಂಡ ಮನೆಯ ಜಂತೆ ಎಣಿಸುವವನು ಇವನು” ಎನ್ನುತ್ತಾನೆ. ಎತ್ತು ಪಡೆದವನು ಅವನ ಮನೆಯ ಮುಂದೆ ಹಾಯುವ ದಾರಿಯನ್ನೇ ಬಿಟ್ಟು ಸುತ್ತಿ ಹೋಗುತ್ತಾನೆ. ಮುಂದಿನ ವರ್ಷ ಮತ್ತೆ ಎತ್ತಿನ ಅಭಾವವಾದರೆ ಅವನು ಕೇಳುವುದಿಲ್ಲ. ಹೊಲ ಬೀಳು ಬಿದ್ದರೂ ಸರಿಯೇ ಎನ್ನುತ್ತಾನೆ. ಇಬ್ಬರ ಮನಸ್ತಾಪಕ್ಕೆ ಒಂದು ಹೊಲದ ಬೆಳೆ ತೆರಬೇಕಾಗುತ್ತದೆ.

ಇದನ್ನು ನಾವು ಕೃತಘ್ನತೆ ಎಂದು ಕರೆದು ಸುಮ್ಮನಾಗುತ್ತೇವೆ. ಕೃತಘ್ನರು ಇಲ್ಲವೆಂದಲ್ಲ. ಆದರೆ ಎಲ್ಲಕ್ಕೂ ಅದೇ ಕಾರಣವಲ್ಲ. ನೆರವಾದವನು ಅರಳಿಕಟ್ಟೆಯ ಮೇಲೆ ಹತ್ತು ಜನರ ಎದುರಿಗೆ, “ನನ್ನ ಎತ್ತು ಇಲ್ಲದಿದ್ದರೆ ಈ ಸಲ ಅವನ ಮನೆಯಲ್ಲಿ ರಾಗಿ ಎಲ್ಲಿತ್ತು?” ಎಂದಿರಬಹುದು. ಅಥವಾ, “ಎತ್ತು ಕೊಟ್ಟವನು ನಾನು, ಪಂಚಾಯಿತಿಯಲ್ಲಿ ನನ್ನ ಕಡೆಗೇ ನಿಲ್ಲಬೇಕು” ಎಂದು ನಿರೀಕ್ಷಿಸಿರಬಹುದು. ಅವನು ಏನೂ ಆಡದೆ ಇದ್ದರೂ, ಪಡೆದವನಿಗೆ ಹಿಂದಿರುಗಿಸುವ ದಾರಿಯೇ ಕಾಣದಿದ್ದರೆ, ಅವನ ಮುಖ ಕಂಡಾಗಲೆಲ್ಲ ತನ್ನ ಬಡತನವೇ ಎದುರು ನಿಂತಂತಾಗುತ್ತದೆ. ಕೊಟ್ಟವನಿಗೆ ಕೊಟ್ಟ ಎತ್ತಿನ ನೆನಪು, ಪಡೆದವನಿಗೆ ತಗ್ಗಿಸಿದ ತಲೆಯ ನೆನಪು. ಇದಕ್ಕೆ ನಮ್ಮ ಹಿರಿಯರು ಹಂಗು ಎಂದರು.

ಆದರೆ ಮುಯ್ಯಾಳಿನ ಪದ್ಧತಿಯನ್ನು ನೋಡಿ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬರುತ್ತೀರಿ. ಮದುವೆಯಲ್ಲಿ ಮುಯ್ಯಿ ಮಾಡುವುದೂ ಹಾಗೆಯೇ. ಯಾರು ಎಷ್ಟು ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ತಪ್ಪದೆ ಹಿಂದಿರುಗಿಸುತ್ತೇವೆ. ಇಲ್ಲಿ ಯಾರೂ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಅದೇ ಮುಯ್ಯಿ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವೂ ಉಂಟು. ಹಗೆ ತೀರಿಸಿಕೊಳ್ಳುವುದನ್ನೂ ಮುಯ್ಯಿ ತೀರಿಸುವುದು ಎನ್ನುತ್ತೇವೆ. ಉಪಕಾರವನ್ನು ಉಪಕಾರವಾಗಿ ತೀರಿಸಲು ದಾರಿ ಇಲ್ಲದಿದ್ದರೆ ಅದು ಇನ್ನೊಂದು ಬಗೆಯ ಮುಯ್ಯಿಯಾಗಿ ಹೊರಡಬಹುದು ಎಂಬುದನ್ನು ಈ ಒಂದು ಮಾತಿನಿಂದಲೇ ತಿಳಿಯಬಹುದು.

ವ್ಯಕ್ತಿಗಳಿಗೆ ಸಲ್ಲುವ ಈ ಮಾತು ಸರ್ಕಾರದ ನೆರವಿಗೂ ಸಲ್ಲುತ್ತದೆ. ಸಮುದಾಯ ಅಭಿವೃದ್ಧಿ ಯೋಜನೆಯು 1952ನೆಯ ಅಕ್ಟೋಬರ್ 2ರಂದು ದೇಶದ 55 ಕಡೆಗಳಲ್ಲಿ ಆರಂಭವಾಯಿತು. ರಸ್ತೆ, ಬಾವಿ, ಶಾಲೆಗಳ ಕೆಲಸ ನಡೆಯಿತು. ಆದರೆ 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯು ವಿಚಾರಿಸಿದಾಗ, ಜನರು ತಾವಾಗಿ ಮುಂದೆ ಬಂದು ಕೆಲಸವನ್ನು ವಹಿಸಿಕೊಳ್ಳುವುದು ಸಾಲದೆಂದು ಕಂಡುಬಂದಿತು. ಚುನಾಯಿತ ಸಂಸ್ಥೆಗಳಿಗೆ ಅಧಿಕಾರ ಕೊಡಬೇಕೆಂದು ಸಮಿತಿಯು ಸಲಹೆ ಮಾಡಿತು. ಮೇಲಿನವರು ತೋಡಿಸಿಕೊಟ್ಟ ಬಾವಿಯ ಗಡಗಡೆ ಕಿತ್ತುಹೋದರೆ, “ಸರ್ಕಾರದ ಬಾವಿ, ಸರ್ಕಾರವೇ ನೋಡಿಕೊಳ್ಳಲಿ” ಎನ್ನುತ್ತೇವೆ. ನಾವೇ ಮಣ್ಣು ಹೊತ್ತು ತೋಡಿದ ಬಾವಿಯಾದರೆ ಅದೇ ಸಂಜೆಗೆ ಗಡಗಡೆ ತಂದು ಹಾಕುತ್ತೇವೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಹಳೆಯ ನಿದರ್ಶನವಿದೆ. ಸಹಕಾರ ಕಾನೂನು 1904ರಲ್ಲಿ ಬಂದಿತು. ಮರುವರ್ಷ, ಅಂದರೆ 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದಲ್ಲಿ ಇದೇ ಮೊದಲನೆಯದೆಂದು ಹೆಸರಾಗಿದೆ. ಆ ಕಾನೂನಿನ ಪ್ರಕಾರ ಹಳ್ಳಿಯ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆಯಾಗಿದ್ದರು. ಸಾಹುಕಾರನ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲುವವನಿಗೂ, ತಾನೂ ಹೊಣೆಗಾರನಾಗಿರುವ ಸಂಘದಲ್ಲಿ ಸಾಲ ಕೇಳುವವನಿಗೂ ಎಷ್ಟು ಅಂತರ! ಹಣ ಅಷ್ಟೇ ಇರಬಹುದು. ಆದರೆ ಒಂದು ಹಂಗಿನದು, ಇನ್ನೊಂದು ಹಕ್ಕಿನದು.

ಹಾಗಾದರೆ ಮಾಡಬೇಕಾದುದೇನು?

ಕೊಡುವವರಿಗೆ ಮೊದಲು ಹೇಳುತ್ತೇನೆ. ಬೇಕಾದುದೇನೆಂದು ಕೇಳಿ ಕೊಡಿ. ಕೊಟ್ಟುದನ್ನು ಕಟ್ಟೆಯ ಮೇಲೆ ಆಡಬೇಡಿ. ನೆರವಿನ ಜೊತೆಗೆ ಬುದ್ಧಿವಾದವನ್ನು ಕಟ್ಟಿ ಕಳಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೆರವು ಪಡೆದವನಿಂದ ನೀವೂ ಏನನ್ನಾದರೂ ಕೇಳಿ ಪಡೆಯಿರಿ. ಎತ್ತು ಇಲ್ಲದವನಿಗೆ ಬಣವೆ ಒಟ್ಟುವ ಕೈಚಳಕ ಇರಬಹುದು, ಕಾಯಿಲೆಯ ಹಸುವನ್ನು ನೋಡಿಕೊಳ್ಳುವ ಅನುಭವ ಇರಬಹುದು. “ನನಗೆ ಯಾರದೂ ಏನೂ ಬೇಡ” ಎನ್ನುವ ದಾನಿಯು ಎದುರಿನವನ ಕೈಯನ್ನು ಯಾವಾಗಲೂ ಕೆಳಗೇ ಇರಿಸುತ್ತಾನೆ. ನಾನು ಕೃಷಿ ಡಿಪ್ಲೊಮಾ ಓದಿ ಬಂದವನು. ಆದರೆ ನಿಮ್ಮ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬದುವಿನ ಹತ್ತಿರ ಮಣ್ಣು ತೆಳು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ನೀವು ಹೇಳಿಕೊಟ್ಟರೆ ನಾನು ಗೊಬ್ಬರದ ಲೆಕ್ಕ ಹೇಳಬಲ್ಲೆ. ಇದೂ ಒಂದು ಮುಯ್ಯಾಳೇ.

ಇನ್ನು ಪಡೆಯುವವರಿಗೆ ಒಂದು ಮಾತು. ಹಿಂದಿರುಗಿಸುವುದನ್ನು ನಾಳೆಗೆ ನೂಕಬೇಡಿ. ಎತ್ತು ಪಡೆದಿದ್ದರೆ ಒಂದು ಹೊರೆ ಮೇವು ಹೊತ್ತುಕೊಂಡು ಹೋಗಿ, “ಅಣ್ಣಾ, ಎತ್ತಿಗೆ ಹಾಕು” ಎನ್ನಿ. ಬೆಲೆ ಎಷ್ಟೇ ಇರಲಿ, ಮರೆತಿಲ್ಲವೆಂದು ತಿಳಿಸಿದಂತಾಯಿತು. ಹೊರೆ ಇಳಿಸಿದ ಮೇಲೆ ಮನಸ್ಸೂ ಹಗುರವಾಗುತ್ತದೆ. ರೋಗ, ಬೆಂಕಿ, ನೆರೆಗಳ ಕಾಲದಲ್ಲಿ ಪಡೆದ ನೆರವನ್ನು ತೀರಿಸಲು ಆಗದಿರಬಹುದು. ಅದಕ್ಕೆ ನಾಚಬೇಕಾಗಿಲ್ಲ. ಕೊಟ್ಟವನಿಗೇ ಕೊಡಬೇಕೆಂಬ ನಿಯಮವಿಲ್ಲ. ಕಷ್ಟದಲ್ಲಿರುವ ಮೂರನೆಯವನಿಗೆ ಕೊಡಿ.

ಈ ಮಾತನ್ನು ಬೀಜದಲ್ಲಿ ನಡೆಸಿ ನೋಡಬಹುದು. ರಾಗಿಯು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಒಳ್ಳೆಯ ತಳಿಯ ಹೊಲದಲ್ಲಿ ಬೆರಕೆಯ ಗಿಡಗಳನ್ನು ಕಿತ್ತು, ತೆನೆ ಆರಿಸಿ, ಚೆನ್ನಾಗಿ ಒಣಗಿಸಿಟ್ಟರೆ ಮುಂದಿನ ವರ್ಷಕ್ಕೂ ಬೀಜವಾಗುತ್ತದೆ. ಹೈಬ್ರಿಡ್ ಮುಸುಕಿನ ಜೋಳಕ್ಕೆ ಈ ಮಾತು ಸಲ್ಲದು. ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕೈದು ಕಿಲೋ ರಾಗಿ ಸಾಕು. ಈ ಸಲ ಐದು ಕಿಲೋ ಬೀಜ ಪಡೆದವರು ಸುಗ್ಗಿಯ ನಂತರ ಐದು ಕಿಲೋವನ್ನು ಇನ್ನೊಬ್ಬ ರೈತರಿಗೆ ಕೊಡಲಿ. ಅವರು ಮತ್ತೊಬ್ಬರಿಗೆ ಕೊಡಲಿ. ಪಡೆದ ಪ್ರತಿಯೊಬ್ಬರೂ ಕೊಟ್ಟವರೂ ಆಗುತ್ತಾರೆ. ಆಗ ಊರಿನಲ್ಲಿ ಯಾರು ಯಾರ ಹಂಗಿನಲ್ಲಿದ್ದಾರೆಂದು ಎಣಿಸುವುದೇ ಸಾಧ್ಯವಾಗದು.

ಈ ಬಿತ್ತನೆಗೆ ಮುಂಚೆ ಒಂದು ಕೆಲಸ ಮಾಡೋಣ. ನೆರವಿನ ಕಾರಣದಿಂದಲೇ ಮಾತು ನಿಂತಿರುವ ಮನೆ ನಿಮಗೆ ಒಂದಾದರೂ ಇದ್ದರೆ, ಹೋಗಿ ಬನ್ನಿ. ಪಡೆದವರಾಗಿದ್ದರೆ ಏನನ್ನಾದರೂ ತೆಗೆದುಕೊಂಡು ಹೋಗಿ. ಕೊಟ್ಟವರಾಗಿದ್ದರೆ ಏನನ್ನಾದರೂ ಕೇಳಲು ಹೋಗಿ.