ಬೀದಿಯ ನುಡಿಗೆ ವೇದಿಕೆ

(ಲಷ್ಕರ್ ಮೊಹಲ್ಲಾದ ಸಭೆಯಲ್ಲಿ ಮಾಡಿದ ಭಾಷಣ)



ಕವಿತೆ ಓದುವ ಸಭೆಗೂ ಮಿಲ್ಲಿನಲ್ಲಿ ದುಡಿಯುವವನಿಗೂ, ಅಂಗಡಿ ಇಟ್ಟವನಿಗೂ ಏನು ನಂಟು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾವಾಡುವ ಮಾತಿಗೆ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಯೇ ಆ ನಂಟು.

ಕೆರಿಬಿಯನ್ ದ್ವೀಪಗಳೆಂದರೆ ದೂರದ ಹೆಸರು; ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್ ಆಡುವ ಹುಡುಗರೆಲ್ಲ ಬಲ್ಲರು. ಅಲ್ಲಿನ ಕಬ್ಬಿನ ತೋಟಗಳಿಗೆಂದು ಆಫ್ರಿಕದವರನ್ನು ಗುಲಾಮರಾಗಿ ಸಾಗಿಸಿದರು. ಗುಲಾಮಗಿರಿ ರದ್ದಾದ ಮೇಲೆ ನಮ್ಮ ದೇಶದ ಬಡವರನ್ನು ಕರಾರಿನ ಕೂಲಿಗಳಾಗಿ ಹಡಗು ಹತ್ತಿಸಿದರು. ಟ್ರಿನಿಡಾಡಿಗೆ ಅಂಥ ಮೊದಲ ಹಡಗು ಮುಟ್ಟಿದ್ದು 1845ರಲ್ಲಿ. ಹೀಗೆ ದುಡಿಯುವವರ ನಡುವೆ ಬೆಳೆದ ಮಾತನ್ನು ಆಳುವವರು ಮುರುಕು ಇಂಗ್ಲಿಷ್ ಎಂದು ಹಳಿದರು.

ಜಮೈಕಾದ ಲೂಯಿಸ್ ಬೆನೆಟ್ ಎಂಬ ಹೆಣ್ಣುಮಗಳು ಆ ಮುರುಕು ಮಾತಿನಲ್ಲೇ ಕವಿತೆ ಕಟ್ಟಿ, ಜನರೆದುರು ನಿಂತು ಹೇಳಿದರು. ಟ್ರಾಮಿನ ನೂಕುನುಗ್ಗಲು, ಸಂತೆಯ ಹೆಂಗಸರ ಬಾಯಿ, ಇವೇ ಆಕೆಯ ವಸ್ತು. ಪಂಡಿತರು ಬಹುಕಾಲ ಆಕೆಯನ್ನು ಕವಿಗಳ ಸಾಲಿಗೆ ಸೇರಿಸಲಿಲ್ಲ. ಜನ ಮಾತ್ರ ಕೇಳಿ ನಕ್ಕರು, ಬಾಯಿಪಾಠ ಮಾಡಿದರು.

1966ರಲ್ಲಿ ಲಂಡನ್ನಿನಲ್ಲಿದ್ದ ಆ ದ್ವೀಪಗಳ ಲೇಖಕರೂ ಕಲಾವಿದರೂ ಒಂದು ಕೂಟ ಕಟ್ಟಿದರು. ಕಟ್ಟಿದವರಲ್ಲಿ ಒಬ್ಬರಾದ ಜಾನ್ ಲಾ ರೋಸ್ ಟ್ರಿನಿಡಾಡಿನ ಕಾರ್ಮಿಕ ಚಳವಳಿಯಿಂದ ಬಂದವರು. ಇದನ್ನು ನೀವು ಗಮನಿಸಬೇಕು. ಮರುವರ್ಷ ಮಾರ್ಚಿಯಲ್ಲಿ ಬಾರ್ಬಡೋಸಿನ ಬ್ರಾತ್‌ವೇಟ್ ಅಲ್ಲಿನ ನಾಟಕಶಾಲೆಯೊಂದರಲ್ಲಿ ತಮ್ಮ ದೀರ್ಘಕಾವ್ಯವನ್ನು ಓದಿದರು.

ಇಷ್ಟು ದೂರ ಏಕೆ ಹೋಗಬೇಕು? ನಮ್ಮ ಮೈಸೂರಿನದೇ ಸಂಗತಿ ಇದೆಯಲ್ಲ. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಇದೇ ಊರಿನಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಊರೂರಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದಿತು, ಅವರ ಮಂತ್ರಿಗಿರಿ ಹೋಯಿತು. ಕುಮಾರವ್ಯಾಸನನ್ನು ಬೂಸಾ ಎನ್ನಲು ನನಗಂತೂ ಬಾಯಿ ಬಾರದು. ಆದರೆ ಆ ಒರಟು ಮಾತಿನ ಒಳಗೊಂದು ನ್ಯಾಯವಾದ ಪ್ರಶ್ನೆಯಿತ್ತು: ಹೊಲಗೇರಿಯ ಬಾಳು ನಿಮ್ಮ ಪುಸ್ತಕಗಳಲ್ಲಿ ಎಲ್ಲಿದೆ?

ಉತ್ತರ ಬಂದದ್ದು ಬೆಂಗಳೂರಿನ ಶ್ರೀರಾಮಪುರದಿಂದ, ಗಿರಣಿ ಕೆಲಸಗಾರರು ನೆಲಸಿದ್ದ ಕಡೆಯಿಂದ. ಅಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಅಚ್ಚಾಯಿತು. ಅವರ ಪದ್ಯಗಳನ್ನು ಓದಿದವರಿಗಿಂತ ಮೆರವಣಿಗೆಯಲ್ಲಿ ಕೇಳಿ ಕಲಿತವರೇ ಹೆಚ್ಚು ಇರಬೇಕು. ಅಕ್ಷರ ಬಾರದವರೂ ಹಾಡಿದರು. ಮನೆಯೊಳಗೆ ಆಡುವ ಮಾತು ಸಭೆಯಲ್ಲಿ ಗಟ್ಟಿಯಾಗಿ ಕೇಳಿದಾಗ ಮೈ ನೆಟ್ಟಗಾಗುತ್ತದೆ. ಕೇಳಿದವರಿಗೇ ಅದು ಗೊತ್ತು.

ಲಷ್ಕರ್ ಎಂದರೆ ದಂಡು. ಈ ಮೊಹಲ್ಲಾದಲ್ಲಿ ಒಂದೇ ವ್ಯಾಪಾರದೊಳಗೆ ಕನ್ನಡ, ಉರ್ದು, ತಮಿಳು ಮೂರೂ ಬಂದುಹೋಗುತ್ತವೆ. ದಸರೆಯಲ್ಲಿ ಕವಿಗೋಷ್ಠಿ ನಡೆಯುತ್ತದೆ, ನಡೆಯಲಿ. ನಾವು ತಿಂಗಳಿಗೊಂದು ಸಂಜೆ, ಪಾಳಿ ಮುಗಿದು ಅಂಗಡಿ ಮುಚ್ಚಿದ ಮೇಲೆ, ಇಲ್ಲೇ ಕೂಡೋಣ. ಬರೆಯಲು ಬಾರದವರು ಹೇಳಲಿ, ಶಾಲೆಯ ಹುಡುಗರು ಬರೆದುಕೊಳ್ಳಲಿ. ಮೊದಲ ಸಂಜೆಗೆ ಹೆಸರು ಕೊಡುವವರು ಈಗಲೇ ಕೊಡಿ. ಮೈಕಿನ ಬಾಡಿಗೆಯ ಮಾತು ಆಮೇಲೆ ಆಡೋಣ.