ಗುರಿ ಒಂದೇ ಆಗಿರಬೇಕೇ?

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇಂಥ ವೇದಿಕೆಗೆ ನನ್ನಂಥ ಹಿಂದೂ ಮೇಷ್ಟ್ರನ್ನು ಕರೆದರೆ, 'ಎಲ್ಲ ಧರ್ಮಗಳ ಗುರಿಯೂ ಒಂದೇ' ಎಂದು ನಾಲ್ಕು ಮಾತಾಡಿ ಕೂತುಬಿಡುವುದು ರೂಢಿ. ಮಾತು ಒಳ್ಳೆಯದೇ. ಆದರೆ ನಮ್ಮವರೆಲ್ಲ ಹಾಗೆ ಹೇಳಿದ್ದಾರೆಯೇ?

ಇಲ್ಲ. ಶಂಕರರ ಅದ್ವೈತದಲ್ಲಿ ಜೀವ, ಬ್ರಹ್ಮ ಎರಡಲ್ಲ. ಉಡುಪಿಯ ಮಧ್ವಾಚಾರ್ಯರು ಇದನ್ನು ಒಪ್ಪಲೇ ಇಲ್ಲ. ಮುಕ್ತಿಯಲ್ಲೂ ಜೀವ ಜೀವವೇ, ದೇವರು ದೇವರೇ, ಮುಕ್ತರ ಆನಂದದಲ್ಲೂ ಹೆಚ್ಚುಕಡಿಮೆ ಉಂಟು ಎಂದರು. ಶೃಂಗೇರಿಯಿಂದ ಉಡುಪಿಗೆ ಆಗುಂಬೆ ಘಾಟಿ ಇಳಿದರೆ ಆಯಿತು. ಮೋಕ್ಷದ ವಾದ ಮಾತ್ರ 13ನೇ ಶತಮಾನದಿಂದ ಮುಗಿದಿಲ್ಲ. ನಮ್ಮ ಮನೆಯೊಳಗೇ ಒಮ್ಮತವಿಲ್ಲದಿರುವಾಗ ಪಕ್ಕದ ಮನೆಯವರ ಗುರಿಯೂ ನಮ್ಮದೇ ಎಂದು ತೀರ್ಪು ಕೊಡುವುದು ಹೇಗೆ? ಅದರಲ್ಲೊಂದು ಸಣ್ಣ ದರ್ಪವೂ ಇದೆ. ನೀವು ನಂಬಿರುವುದೇನೆಂದು ನಿಮಗಿಂತ ನಮಗೇ ಚೆನ್ನಾಗಿ ಗೊತ್ತು ಎಂದ ಹಾಗೆ.

ಎಲ್ಲ ದಾರಿಯೂ ಒಂದೇ ಕಡೆಗೆ ಎಂದವರಲ್ಲಿ ದೊಡ್ಡ ಹೆಸರು ರಾಮಕೃಷ್ಣ ಪರಮಹಂಸರದು. ಅವರು ಅದನ್ನು ಅಗ್ಗವಾಗಿ ಹೇಳಿದವರಲ್ಲ. 1866ರಲ್ಲಿ, ಸೂಫಿ ಮಾರ್ಗ ಹಿಡಿದಿದ್ದ ಗೋವಿಂದರಾಯ ಎಂಬವರಿಂದ ಉಪದೇಶ ಪಡೆದು ಇಸ್ಲಾಮಿನ ಸಾಧನೆಗೆ ಕೂತರು. ಅಲ್ಲಾಹನ ನಾಮ, ನಮಾಜು, ಮುಸ್ಲಿಮರ ಉಡುಪು. ದಕ್ಷಿಣೇಶ್ವರದಲ್ಲೇ ಇದ್ದರೂ ಆ ಮೂರು ದಿನ ಗುಡಿಯ ದೇವರನ್ನು ನೋಡಬೇಕೆನಿಸಲಿಲ್ಲ ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ನನಗೆ ದೊಡ್ಡದೆನಿಸುವುದು ಇದೇ. ಕಾಳಿಯ ಪಕ್ಕದಲ್ಲಿ ಅಲ್ಲಾಹನಿಗೂ ಒಂದು ಜಾಗ ಮಾಡಿಕೊಡಲಿಲ್ಲ. ಇನ್ನೊಬ್ಬರ ದಾರಿಯನ್ನು ಅದರದೇ ನಿಯಮದಲ್ಲಿ ನಡೆದರು. ಮೂರೇ ದಿನ ಸಾಕೇ ಎಂದು ನೀವು ಕೇಳಿದರೆ, ಅದೂ ನ್ಯಾಯವಾದ ಪ್ರಶ್ನೆಯೇ.

ಮಕ್ಕಳೇ, ಇಂದು ವೇತನ ಪಡೆದು ಹಾಸ್ಟೆಲಿಗೆ ಹೋಗುವ ನಿಮಗೆ ಇದು ಬರೀ ಪುಸ್ತಕದ ಮಾತಲ್ಲ. ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು: "ಸರ್, ಗೆಳತಿ ಪ್ರಸಾದ ಕೊಟ್ಟಳು. ಬೇಡ ಅಂದರೆ ಅವಳಿಗೆ ಬೇಜಾರು, ತಿಂದರೆ ನನಗೆ ಬೇಜಾರು. ಎಲ್ಲ ದೇವರೂ ಒಂದೇ ಅಲ್ವಾ, ತಿನ್ನು ಅಂತಾಳೆ." ಪ್ರಸಾದ ಬೇಡವಾದದ್ದು ಪೂಜೆಯ ಕಾರಣಕ್ಕೆ, ಸ್ನೇಹ ಬೇಡವೆಂದಲ್ಲ, ಅದನ್ನೇ ಬಾಯಿಬಿಟ್ಟು ಹೇಳಮ್ಮ ಎಂದೆ. ಹೇಳಿದಳು. ಎರಡು ದಿನ ಮಾತಿರಲಿಲ್ಲ. ಆಮೇಲೆ ಗೆಳತಿ, ಹಬ್ಬದ ದಿನ ನೈವೇದ್ಯಕ್ಕೆ ಇಡುವ ಮೊದಲೇ ಎರಡು ಬಾಳೆಹಣ್ಣು ಬೇರೆ ಎತ್ತಿಟ್ಟು ತರತೊಡಗಿದಳು.

ಚೆಕ್ಕಿಗಾಗಿ ಮಕ್ಕಳು ಕಾಯುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.